ಬಾಗಿಲ ಬೆಳಕಿನಲ್ಲಿ ಆರಿಸಿದ ಮಾನಿಟರ್

ಮಗ ಹೋದ ಮೇಲೆ ಪಟ್ಟಾಭಿರಾಮರಾಯರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಂದದ್ದು ಹೋಗಲಿಲ್ಲ. ಹಾಲಿನವನ ಮೇಲೆ ಸಿಟ್ಟು, ಮೇಲಿನ ಮನೆಯವರ ಸೋರುವ ನಲ್ಲಿಯ ಮೇಲೆ ಸಿಟ್ಟು, ಮಣಿನಗರದ ಸ್ಟೇಷನ್ನಿಗೆ ತಡವಾಗಿ ಬರುವ ಪ್ಯಾಸೆಂಜರ್ ಗಾಡಿಯ ಮೇಲೆ ಸಿಟ್ಟು. ಹಾಸನದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಬಂದು ಅಹಮದಾಬಾದಿನಲ್ಲೇ ನಿವೃತ್ತರಾದ ಮನುಷ್ಯ. ಗಾಡಿ ತಡವಾಗುವುದಕ್ಕೆ ಇರುವ ಕಾರಣಗಳೆಲ್ಲ ಅವರಿಗೆ ಬಾಯಿಪಾಠ. ಆದರೂ ಪ್ಲಾಟ್‌ಫಾರಮ್ಮಿನ ತನಕ ನಡೆದು ಹೋಗಿ ಬೈದು ಬರುತ್ತಿದ್ದರು. ನಿತ್ಯದ ದೇವರ ಪೂಜೆಯನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಬಿಟ್ಟರೆ ಎಲ್ಲರಿಗಿಂತ ಹೆಚ್ಚಾಗಿ ಯಾರನ್ನು ಬೈಯಬೇಕೋ ಅವನ ಎದುರು ಕೂರುವುದಕ್ಕೆ ಹೊತ್ತು ಸಿಗುತ್ತಿರಲಿಲ್ಲ.

ಹೋದವನು ಕಿರಿಯ ಮಗ ಅನಿರುದ್ಧ. ವಿಮಾ ಕಂಪನಿಯಲ್ಲಿ ಕೆಲಸ. ಆಣಂದದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಬಡಿದು ಹೋದ. ಅವನ ಹೆಂಡತಿ ಮೀರಾ. ಆಕೆಯ ತಂದೆ ಬ್ಯಾಂಕಿನ ವರ್ಗದ ಮೇಲೆ ವಡೋದರಾಕ್ಕೆ ಬಂದವರು, ಅಲ್ಲೇ ನೆಲೆ ನಿಂತವರು. ಹುಡುಗಿ ಅಲ್ಲಿಯೇ ಚಿತ್ರಕಲೆ ಓದಿದಳು. ಮದುವೆಯಾದ ಮೇಲೆ ಮಣಿನಗರದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಸೂರತ್ತಿನ ಮಿಲ್ಲುಗಳಿಗೆ ಸೀರೆಯ ಡಿಸೈನು ಬರೆಯುತ್ತಿದ್ದಳು. ಕುಂಚ, ಬಣ್ಣದ ಬಟ್ಟಲು, ಮೇಜಿನ ತುಂಬ ಹರಡಿದ ಕಾಗದ. ಗಂಡ ಸತ್ತ ಮೇಲೆ ತವರಿನವರು ಬಾ ಎಂದರು. ಆಕೆ ಹೋಗಲಿಲ್ಲ. "ಕೆಲಸ ಇರೋ ತನಕ ನಾನು ಇಲ್ಲೇ ಇರ್ತೀನಿ ಮಾವ. ಯಾರ ಹಂಗಿನಲ್ಲೂ ಇರೋದು ಬೇಡ," ಎಂದಳು. ರಾಯರಿಗೆ ಅದು ಸಂತೋಷವೇ. ಹೆಂಡತಿ ಶಕುಂತಲಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಮೀರಾ ಹೋದರೆ ಆ ಮನೆಯಲ್ಲಿ ಇನ್ನೊಂದು ಉಸಿರು ಇರುತ್ತಿರಲಿಲ್ಲ. ಆದರೆ ಸಂತೋಷವಾಯಿತೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆ ಹೊತ್ತಿಗೂ ಯಾರ ಮೇಲೋ ಸಿಟ್ಟಿನಲ್ಲಿದ್ದರು.

ಹಾಗಿರುವಾಗ ಸೂರತ್ತಿನ ಹತ್ತಿರದ ಊರಾದ ಸಚಿನ್‌ನ ಮಿಲ್ಲಿನ ನಟುಭಾಯಿ ಸೇಠರಿಂದ ಫೋನು ಬಂತು. ಇನ್ನು ಮುಂದೆ ಕಾಗದದ ಮೇಲೆ ಬರೆದ ಡಿಸೈನು ಬೇಡ. ಮಿಲ್ಲಿಗೆ ಕಂಪ್ಯೂಟರು ಬಂದಿದೆ. ಡಿಸೈನೂ ಕಂಪ್ಯೂಟರಿನಲ್ಲೇ ತಯಾರಾಗಿ ಡಿಸ್ಕಿನಲ್ಲಿ ಬರಬೇಕು. "ಬೇನ್, ನಿನ್ನ ಕೈ ಒಳ್ಳೆಯದು. ಮಷೀನು ತೊಗೋ, ಮದುವೆ ಸೀಸನ್ನಿನ ಸೀರೆಯೆಲ್ಲ ನಿನಗೇ ಕೊಡ್ತೇನೆ. ಮಷೀನಿಲ್ಲದಿದ್ದರೆ ಜೈ ಶ್ರೀಕೃಷ್ಣ." ಅಲ್ಲಿಗೆ ಫೋನು ಇಟ್ಟುಬಿಟ್ಟರು.

ಮೀರಾ ಕಂಪ್ಯೂಟರಿನ ಕೆಲಸವನ್ನು ವಡೋದರಾದಲ್ಲಿ ಕಲಿತಿದ್ದಳು, ಅದು ಹೊಸದಲ್ಲ. ಆಗಬೇಕಾದದ್ದು ಕೊಳ್ಳುವುದು ಮಾತ್ರ. ಅನಿರುದ್ಧನ ಆಫೀಸಿನಿಂದ ಬಂದ ಹಣ ಆಕೆಯ ಹೆಸರಿನಲ್ಲೇ ಬ್ಯಾಂಕಿನಲ್ಲಿತ್ತು. ಹಾಗಿದ್ದೂ ಯಾವುದನ್ನು ಕೊಳ್ಳಬೇಕು ಎಂಬ ಮಾತು ಬಂದಾಗ ರಾಯರು ಫೋನು ಮಾಡಿದ್ದು ಹಿರಿಯ ಮಗ ಗಿರಿಧರನಿಗೆ. ಅವನು ಅದೇ ಊರಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಇದ್ದ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಕಂಪ್ಯೂಟರಿನ ಮಧ್ಯೆಯೇ ಓಡಾಡುವವನು. ಅವನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಭಾನುವಾರ ಬೆಳಿಗ್ಗೆ ರಾಹುಕಾಲಕ್ಕೆ ಬಹಳ ಮುಂಚೆಯೇ ಮೂವರೂ ಆಶ್ರಮ ರೋಡಿನ ಹಿಂದಿನ ಗಲ್ಲಿಯಲ್ಲಿದ್ದ ಕನುಭಾಯಿಯ ಅಂಗಡಿಗೆ ಹೋದರು. ಕನುಭಾಯಿ ದಪ್ಪ ಮನುಷ್ಯ, ನಗುಮುಖ, ಬಾಯಿತುಂಬ ಮಸಾಲೆ ಅಡಿಕೆ. ರಾಯರಿಗೆ ಕುರ್ಚಿ, ಗಿರಿಧರನಿಗೆ ಕುರ್ಚಿ. ಮೀರಾ ನಿಂತೇ ಇದ್ದಳು.

"ಹೇಳಿ ಸಾಹೇಬ್, ಯಾರಿಗೆ ಮಷೀನು?"

"ಇವಳಿಗೆ," ಎಂದು ರಾಯರು ಹಿಂದಕ್ಕೆ ಕೈ ಮಾಡಿದರು.

ಕನುಭಾಯಿ ಗಿರಿಧರನ ಕಡೆಗೆ ತಿರುಗಿದ. ಅಲ್ಲಿಂದ ಮುಂದೆ ಅವರಿಬ್ಬರದೇ ಮಾತು. ಪೆಂಟಿಯಮ್ಮಿನಲ್ಲಿ ಯಾವ ಪೆಂಟಿಯಮ್ಮು, ಮೆಮೊರಿ ಎಷ್ಟು, ಹಾರ್ಡ್ ಡಿಸ್ಕು ಎಷ್ಟು. ಗಿರಿಧರ ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಹಾಳೆ ಕತ್ತರಿಸಿ ತಂದಿದ್ದ. ಮೀರಾ ಗ್ರಾಫಿಕ್ಸ್ ಕಾರ್ಡಿನ ಮಾತೆತ್ತಿದಳು: ಅದರಲ್ಲಿ ಮೆಮೊರಿ ಕಡಿಮೆಯಿದ್ದರೆ ಬಣ್ಣದ ತೆಳುವಾದ ಏರಿಳಿತವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಒಳ್ಳೆಯದೇ ಬೇಕು ಎಂದಳು. ಅದು ಹಾಳೆಯಲ್ಲೂ ಇತ್ತು. ಹಾಗಾಗಿ ಗಿರಿಧರ ಒಪ್ಪಿದ.

"ಇನ್ನು ಮಾನಿಟರ್ರು," ಎಂದಳು ಮೀರಾ.

"ಅದೇನು ದೊಡ್ಡ ವಿಷಯ ಬಿಡು. ಅಪ್ಪ, ಎಂಜಿನ್ ಮುಖ್ಯ. ಮಾನಿಟರ್ ಅಂದ್ರೆ ಕಿಟಕಿ ಇದ್ದ ಹಾಗೆ. ಕಿಟಕಿಗೆ ಯಾರಾದರೂ ದುಡ್ಡು ಸುರೀತಾರಾ?"

"ಭಾವ, ನಾನು ಕೆಲಸ ಮಾಡೋದೆಲ್ಲ ಆ ಕಿಟಕಿಯಲ್ಲೇ."

ಗಿರಿಧರ ನಕ್ಕ. ಕನುಭಾಯಿಯೂ ನಕ್ಕ, ಕನ್ನಡ ಬಾರದಿದ್ದರೂ ಗಿರಾಕಿ ನಕ್ಕಾಗ ನಗುವುದು ಅವನ ವ್ಯಾಪಾರ. ದೊಡ್ಡ ಗಾತ್ರದ ಮೂರು ಮಾನಿಟರುಗಳನ್ನು ಮೇಜಿನ ಮೇಲೆ ಸಾಲಾಗಿ ಇಡಿಸಿ, ಮೂರರಲ್ಲೂ ಒಂದೇ ನವಿಲಿನ ಚಿತ್ರ ಹಚ್ಚಿದ. ಮೂರು ನವಿಲೂ ಬೇರೆ ಬೇರೆ ಬಣ್ಣ.

ಈಗ ರಾಯರು ಕುರ್ಚಿಯಿಂದ ಎದ್ದರು. ಇಷ್ಟು ಹೊತ್ತು ನಡೆದ ಮಾತು ಅವರಿಗೆ ಅರ್ಥವಾಗಿರಲಿಲ್ಲ. ಬಣ್ಣದ ಮಾತು ಅರ್ಥವಾಗುತ್ತದೆ. ಶಕುಂತಲಮ್ಮ ಬದುಕಿದ್ದಾಗ ಮಾಣೆಕ್ ಚೌಕದ ಅಂಗಡಿಯಲ್ಲಿ ಒಂದು ರವಿಕೆ ಕಣವನ್ನೂ ಅಂಗಡಿಯ ಒಳಗೆ ನೋಡಿ ಕೊಂಡವರಲ್ಲ. ಟ್ಯೂಬ್‌ಲೈಟಿನ ಬೆಳಕನ್ನು ನಂಬಬಾರದು ಎನ್ನುತ್ತಿದ್ದರು. ಸೀರೆಯನ್ನು ಬಾಗಿಲ ತನಕ ಹೊತ್ತು ತಂದು, ಬಿಸಿಲಿನ ಬೆಳಕಿಗೆ ಹಿಡಿದು, ಸೆರಗು ತಿರುಗಿಸಿ, ಆಮೇಲೆ ಹೂಂ ಅಥವಾ ಊಹೂಂ. ರಾಯರು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದರು.

"ಇದನ್ನೆಲ್ಲ ಬಾಗಿಲಿಗೆ ತನ್ನಿ," ಎಂದರು.

"ಕಾಕಾ, ಇದು ಟೀವಿಗಿಂತ ಭಾರ!" ಎಂದ ಕನುಭಾಯಿ.

"ಭಾರವಾದರೆ ಇಬ್ಬರು ಹಿಡೀರಿ. ಒಳಗಿನ ಬೆಳಕಿನಲ್ಲಿ ಬಣ್ಣ ನೋಡಿ ಮೋಸ ಹೋಗೋ ವಂಶ ನಮ್ಮದಲ್ಲ."

ಮೀರಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮಾವ, ಇದು ಬಟ್ಟೆ ಅಲ್ಲ. ಬಟ್ಟೆಗೆ ಹೊರಗಿನ ಬೆಳಕು ಬೇಕು. ಇದು ತಾನೇ ಬೆಳಗೋ ವಸ್ತು. ಇದನ್ನ ಕತ್ತಲು ಮಾಡಿ ನೋಡಬೇಕು."

"ಕತ್ತಲಲ್ಲಿ ಬಣ್ಣ ನೋಡೋರನ್ನ ಇವತ್ತೇ ನೋಡಿದ್ದು ನಾನು!" ಎಂದರು ರಾಯರು. ಗಿರಿಧರ ಜೋರಾಗಿ ನಕ್ಕು, ಕನುಭಾಯಿಗೆ ಅದನ್ನು ಹಿಂದಿಯಲ್ಲಿ ಹೇಳಿದ. ಅವನೂ ಹೊಟ್ಟೆ ಕುಣಿಸಿ ನಕ್ಕ.

ತಂತಿ ಎಳೆದು, ಮೂರು ಮಾನಿಟರುಗಳನ್ನೂ ಬಾಗಿಲ ಬಳಿಗೆ ತಂದರು. ಬಿಸಿಲಿನ ಎದುರು ಎರಡು ಮಂಕಾಗಿ ಹೋದವು. ನವಿಲು ಬೂದಿಯಲ್ಲಿ ಹೊರಳಿದ ಕೋಳಿಯ ಹಾಗೆ ಕಂಡಿತು. ಮೂರನೆಯದು ಮಾತ್ರ ಬಿಸಿಲಿಗೂ ಸೊಪ್ಪು ಹಾಕದೆ ಹೊಳೆಯಿತು. ಅದರ ಬಿಳುಪು ನೀಲಿ ಹಾಕಿ ಒಗೆದ ಪಂಚೆಯ ಬಿಳುಪು. ರಾಯರ ಕಣ್ಣಿಗೆ ತಂಪಾಯಿತು.

"ಇದೇ."

"ಮಾವ, ಇದು ನೀಲಿಗೆ ಎಳೀತಿದೆ," ಎಂದಳು ಮೀರಾ. ಈ ಸಲ ಸ್ವಲ್ಪ ಗಟ್ಟಿಯಾಗಿಯೇ. "ಕೆಂಪು ಸರಿಯಾಗಿ ಕಾಣಲ್ಲ ಇದರಲ್ಲಿ."

"ನೀಲಿ ಇದ್ದರೇ ಅಮ್ಮಾ ಬಿಳುಪು. ನಿಮ್ಮತ್ತೆ ಇದ್ದಿದ್ದರೆ ಇದನ್ನೇ ಆರಿಸ್ತಿದ್ದಳು."

ಸತ್ತುಹೋದ ಅತ್ತೆಯ ಹೆಸರು ತೆಗೆದ ಮೇಲೆ ಸೊಸೆ ಏನು ಹೇಳಬೇಕು? ಕನುಭಾಯಿ ಬಿಲ್ಲು ಬರೆದ.

ಮಷೀನು ಮನೆಗೆ ಬಂದ ದಿನ ರಾಯರ ತಂಗಿ ಜಯಂತಿ ವಡೋದರಾದಿಂದ ಬಂದಿದ್ದಳು. ಹೊಸ ವಸ್ತು, ಪೂಜೆಯಾಗದೆ ಮುಟ್ಟುವ ಹಾಗಿಲ್ಲ. ಜಯಂತಿಯೇ ಹೂವು ತಂದಳು, ಅರಿಸಿನ ಕುಂಕುಮದ ಬಟ್ಟಲು ತಂದಳು. ಮೀರಾ ಮೇಜಿನ ಹತ್ತಿರ ಬಂದು ನಿಂತಾಗ ಜಯಂತಿ ದನಿಯಲ್ಲಿ ಬೆಣ್ಣೆ ಸವರಿಕೊಂಡು, "ನೀನು ಆ ಅಡಿಗೆಮನೆ ಬಾಗಿಲ ಹತ್ರ ನಿಂತ್ಕೋಮ್ಮ. ಪೂಜೆ ಆದ ಮೇಲೆ ಬಾ. ಬೇಜಾರು ಮಾಡ್ಕೋಬೇಡ, ಪದ್ಧತಿ," ಎಂದಳು.

ಮೀರಾ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಅವಳ ಹಣದಿಂದ ಬಂದ, ಅವಳ ಕೆಲಸಕ್ಕೆ ಬಂದ ವಸ್ತುವಿನ ನೆತ್ತಿಗೆ ಇನ್ನೊಬ್ಬಳು ಕುಂಕುಮ ಇಟ್ಟಳು. ರಾಯರು ಮಂತ್ರ ಹೇಳುತ್ತಿದ್ದರು. ಸೊಸೆ ಎಲ್ಲಿ ನಿಂತಿದ್ದಾಳೆ ಎಂದು ಕಣ್ಣಂಚಿನಲ್ಲಿ ಕಂಡರು. ಮಂತ್ರ ನಿಲ್ಲಲಿಲ್ಲ. ಅವತ್ತು ಯಾಕೋ ಅವರಿಗೆ ಸಿಟ್ಟು ಬರಲಿಲ್ಲ. ಬರಬೇಕಾದ ಕಡೆ ಅದು ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಹಿಂದಿನ ಕೋಣೆಯಿಂದ ಕುಂಚ ತೊಳೆಯುವ ಸದ್ದು ನಿಂತು ಕೀಲಿಗಳ ಟಕಟಕ ಸದ್ದು ಶುರುವಾಯಿತು. ಸೇಠರಿಗೆ ಬೇಕಾಗಿದ್ದದ್ದು ಮದುವಣಗಿತ್ತಿಯ ಕೆಂಪು. ಗುಜರಾತಿನವರ ಮದುವೆಯ ಸೀರೆಯ ಆ ತುಂಬು ಕೆಂಪು. ಮಿಲ್ಲಿನಲ್ಲಿ ಡಿಸ್ಕು ತೆರೆದು, ಅದರಲ್ಲಿ ಯಾವ ಬಣ್ಣ ಎಷ್ಟು ಪ್ರಮಾಣದಲ್ಲಿದೆ ಎಂದು ನೋಡಿ, ಅದರಂತೆ ಬಣ್ಣ ಕಲಸಿ ಅಚ್ಚು ಹಾಕುತ್ತಾರೆ. ಹಾಗಾಗಿ ಗಾಜಿನ ಮೇಲೆ ಕಣ್ಣಿಗೆ ಕಂಡದ್ದೇ ಬಟ್ಟೆಯ ಮೇಲೂ ಬರಬೇಕು. ಮೀರಾ ಹಗಲೆಲ್ಲ ಕೂತಳು. ಕಿಟಕಿಗೆ ಹಳೆಯ ಜಮಖಾನ ಕಟ್ಟಿಕೊಂಡಳು. ಒಂದೆರಡು ಸಲ ಹೊರಗೆ ಬಂದು ಕಣ್ಣಿಗೆ ತಣ್ಣೀರು ಹಾಕಿಕೊಂಡು, ಏನೋ ಹೇಳುವವಳ ಹಾಗೆ ರಾಯರನ್ನು ನೋಡಿ, ಹೇಳದೆ ಒಳಗೆ ಹೋದಳು. ಡಿಸ್ಕು ಸಚಿನ್‌ಗೆ ಹೋಯಿತು.

ಸೇಠರ ಫೋನು ಬಂತು: ನೀನೇ ಬಂದು ನೋಡು.

ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸುವುದು ಬೇಡವೆಂದು ರಾಯರೂ ಹೊರಟರು. ಸೂರತ್ತಿನಲ್ಲಿ ಇಳಿದು, ಆಟೋ ಹಿಡಿದು, ಸಚಿನ್‌ನ ಕಾರ್ಖಾನೆಗಳ ಸಾಲು ಮುಟ್ಟುವ ಹೊತ್ತಿಗೆ ರಾಸಾಯನಿಕದ ಘಾಟು ಮೂಗಿಗೆ ಹತ್ತಿ ಗಂಟಲು ಕೆರೆಯುತ್ತಿತ್ತು. ಮಿಲ್ಲಿನ ಆಫೀಸಿನಲ್ಲಿ ಸೇಠರು, ಅವರ ಪಕ್ಕದಲ್ಲಿ ಲೆಕ್ಕ ಬರೆಯುವ ಮುನೀಮ, ಮೇಜಿನ ಮೇಲೆ ಅಚ್ಚು ಹಾಕಿದ ಸ್ಯಾಂಪಲ್ ತುಂಡು.

ಸೇಠರು ಆ ತುಂಡನ್ನು ಎತ್ತಿ ಮೀರಾಳ ಮುಂದೆ ಎಸೆದರು.

"ನೋಡು ಬೇನ್. ಇದು ಮದುವೆ ಸೀರೆಯಾ, ಇಟ್ಟಿಗೆ ಗೂಡಾ?"

ನಿಜ. ಬಟ್ಟೆಯ ಮೇಲಿದ್ದದ್ದು ಕೆಂಪಲ್ಲ. ಹಳದಿ ಬೆರೆತ, ಸುಟ್ಟ ಇಟ್ಟಿಗೆಯ ಬಣ್ಣ. ಬಳ್ಳಿ, ಮಾವಿನಕಾಯಿ, ಆನೆ ಎಲ್ಲ ಅಚ್ಚುಕಟ್ಟಾಗಿ ಬಂದಿದ್ದವು. ಬಣ್ಣ ಒಂದೇ ಕೈಕೊಟ್ಟಿತ್ತು. ಮೀರಾ ತುಂಡನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದಳು. "ನನ್ನ ತಪ್ಪೇ ಸೇಠ್‌ಜೀ. ಸರಿ ಮಾಡಿ ಕೊಡ್ತೀನಿ," ಎಂದಳು.

ಆಗ ಮುನೀಮ ತನ್ನ ಸೇಠರಿಗೆ ಹೇಳುವವನ ಹಾಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ: "ನಾನು ಮೊದಲೇ ಹೇಳಿದ್ದೆ. ವಿಧವೆಯ ಕೈಯಲ್ಲಿ ಮದುವೆಯ ಕೆಂಪು ಎಲ್ಲಿಂದ ಬರಬೇಕು?"

ಸೇಠರು ಅವನನ್ನು ಗದರಲಿಲ್ಲ. ಗಡಿಯಾರ ನೋಡಿಕೊಂಡರು. "ಮುಂದಿನ ವಾರದೊಳಗೆ ಸರಿಯಾದದ್ದು ಬಂದರೆ ಸರಿ. ಇಲ್ಲವಾದರೆ ಬೇರೆಯವರಿದ್ದಾರೆ."

ರಾಯರ ಕೈಯಲ್ಲಿದ್ದ ಕೊಡೆ ಮೇಲೆದ್ದಿತ್ತು. ಮೀರಾ ಅವರ ಮುಂಗೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಆಟೋದಲ್ಲಿ ಕೂತ ಮೇಲೂ ರಾಯರ ಕೈ ನೋಯುತ್ತಿತ್ತು.

ಹಿಂದಿರುಗುವ ಗಾಡಿಯಲ್ಲಿ ಕಿಟಕಿಯ ಪಕ್ಕ ಎದುರುಬದುರಾಗಿ ಜಾಗ ಸಿಕ್ಕಿತು. ಸೂರತ್ತು ಬಿಟ್ಟದ್ದೇ ತಡ, ರಾಯರು ಶುರು ಮಾಡಿದರು.

"ಅವನ ನಾಲಗೆ ಬಿದ್ದುಹೋಗ! ಮುನೀಮನಂತೆ ಮುನೀಮ! ಅವನ ಮನೇಲಿ ಹೆಣ್ಣುಮಕ್ಕಳಿಲ್ಲವಾ? ಆ ಸೇಠನ ಕೊರಳಪಟ್ಟಿ ಹಿಡಿದು ಕೇಳಬೇಕಿತ್ತು. ನೀನು ತಡೆದೆ. ಆ ಕನುಭಾಯಿ ಇದ್ದಾನಲ್ಲ ಕಳ್ಳ, ಅವನ ಅಂಗಡಿ ಮುಂದೆ ನಿಂತು ಮಾನ ಕಳೀತೀನಿ ನಾಳೆ. ಗಿರಿಧರನಿಗೂ ಬುದ್ಧಿ ಇಲ್ಲ. ಎಂಜಿನ್ನಂತೆ, ಕಿಟಕಿಯಂತೆ! ಈ ದೇವರು ಅನ್ನೋನಿಗೂ ಕಣ್ಣಿಲ್ಲ..."

"ಸಾಕು ಮಾವ."

ರಾಯರು ನಿಲ್ಲಿಸಿದರು. ಆ ದನಿಯನ್ನು ಅವರು ಹಿಂದೆ ಕೇಳಿರಲಿಲ್ಲ.

"ಮುನೀಮ ಹೊರಗಿನವನು. ಬಾಯಿ ಬಿಟ್ಟು ಅಂದ, ಅಷ್ಟೇ. ಅವನು ಬಾಯಲ್ಲಿ ಅಂದದ್ದನ್ನ ನೀವೆಲ್ಲ ಮಾಡಿ ತೋರಿಸಲಿಲ್ಲವಾ? ನನ್ನ ಮಷೀನಿನ ಪೂಜೆಗೆ ನನ್ನನ್ನ ಅಡಿಗೆಮನೆ ಬಾಗಿಲಲ್ಲಿ ನಿಲ್ಲಿಸಿದ್ರಿ. ಜಯಂತಿ ಅತ್ತೆ ನಿಲ್ಲು ಅಂದ್ರು, ನೀವು ನೋಡಿದ್ರಿ. ನೋಡಿದ್ರಲ್ಲ?"

ಪಕ್ಕದಲ್ಲಿ ಕೂತಿದ್ದ ಗುಜರಾತಿ ಹೆಂಗಸು ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಭಾಷೆ ತಿಳಿಯದಿದ್ದರೂ ಜಗಳ ತಿಳಿಯುತ್ತದೆ.

"ಅಂಗಡಿಯಲ್ಲಿ ಮತ್ತೆ ಮತ್ತೆ ಹೇಳಿದೆ. ಕತ್ತಲು ಮಾಡಿ ನೋಡಬೇಕು ಅಂದೆ, ಎಲ್ಲಾ ಸೇರಿ ನಕ್ರಿ. ನೀಲಿಗೆ ಎಳೀತಿದೆ ಅಂದೆ, ತೀರಿಹೋದ ಅತ್ತೆನ ಎಬ್ಬಿಸಿ ತಂದು ನನ್ನ ಬಾಯಿ ಮುಚ್ಚಿಸಿದ್ರಿ. ಆ ಮಾನಿಟರಲ್ಲಿ ಎಲ್ಲದಕ್ಕೂ ನೀಲಿ ಮೆತ್ತಿದೆ ಮಾವ. ಕೆಂಪು ಹಾಕಿದರೆ ನೇರಳೆ ಬೆರೆತ ಹಾಗೆ ಕಾಣುತ್ತೆ. ಅದನ್ನ ತೆಗೆಯೋಕೆ ನಾನು ಹಳದಿ ಸೇರಿಸಿದೆ. ಎಷ್ಟು ಸೇರಿಸಬೇಕು ಅಂತ ಯಾರನ್ನ ಕೇಳಲಿ? ಕುರುಡಿ ದಾರಿ ತಡವಿದ ಹಾಗೆ ತಡವಿ ತಡವಿ ಸೇರಿಸಿದೆ. ಬಟ್ಟೆ ಮೇಲೆ ಇಟ್ಟಿಗೆ ಆಯ್ತು."

"ಇದನ್ನ ಆಗಲೇ ಹೇಳಬಾರದಿತ್ತಾ..."

"ಹೇಳಿದೆ! ಇನ್ನು ಹೇಗೆ ಹೇಳಲಿ? ನಿಮ್ಮ ಮಗ ಹೋದ್ರು. ನನ್ನ ಕಣ್ಣು ಹೋಗಿಲ್ಲ. ಬೇರೆ ಏನನ್ನ ಬೇಕಾದರೂ ನೀವು ಆರಿಸಿ ಕೊಡಿ, ಉಡ್ತೀನಿ, ತಿಂತೀನಿ. ನನ್ನ ಕಣ್ಣಿನ ಕೆಲಸವನ್ನ ನೀವು ಮಾಡಬೇಡಿ."

ಅವಳು ಅಳುತ್ತಿರಲಿಲ್ಲ. ಅದು ರಾಯರನ್ನು ಹೆಚ್ಚು ತಟ್ಟಿತು. ಅಳುತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಮಗ ಸತ್ತ ದಿನದಿಂದ ಆ ಮನೆಯಲ್ಲಿ ಸಿಟ್ಟು ಮಾಡುವ ಹಕ್ಕು ತಮ್ಮೊಬ್ಬರದೇ ಎಂದು ಅವರು ತಿಳಿದಿದ್ದರು. ಸೊಸೆಗೆ ಇದ್ದದ್ದು ಕಣ್ಣೀರು, ಮತ್ತು ಅದು ಮುಗಿದ ಮೇಲೆ ಮೌನ. ಅವಳ ಎದೆಯಲ್ಲೂ ಇಷ್ಟು ಕೆಂಡವಿದೆ, ಅದರಲ್ಲಿ ಒಂದು ಪಾಲು ತಮ್ಮ ಮೇಲೇ ಇದೆ ಎಂಬುದು ಅವರಿಗೆ ಹೊಳೆದಿರಲೇ ಇಲ್ಲ. ಭರೂಚಿನ ಹತ್ತಿರ ಗಾಡಿ ನರ್ಮದೆಯ ಸೇತುವೆಯ ಮೇಲೆ ಗುಡುಗುಡು ಎಂದು ಹಾಯಿತು. ಡಬ್ಬಿಯವರೆಲ್ಲ ಕೈ ಮುಗಿದರು. ಜೀವಮಾನದಲ್ಲಿ ಮೊದಲ ಸಲ ರಾಯರು ಕೈ ಮುಗಿಯುವುದನ್ನು ಮರೆತರು.

ವಡೋದರಾ ದಾಟಿದ ಮೇಲೆ ಅವರು ಕೇಳಿದರು: "ನಾಳೆ ಅಂಗಡಿಗೆ ಹೋಗೋಣವಾ?"

"ನಾನು ಆರಿಸ್ತೀನಿ."

"ಹೂಂ."

"ನೀವು ಮಾತಾಡಬಾರದು."

ರಾಯರಿಗೆ ಗಂಟಲಿನ ತನಕ ಸಿಟ್ಟು ಬಂತು. ನುಂಗಿದರು. "ಹೂಂ," ಎಂದರು.

ಮರುದಿನ ಕನುಭಾಯಿ ಅವರನ್ನು ನೋಡಿದವನೇ ಎರಡು ಕೈಯನ್ನೂ ಎತ್ತಿದ. ಆಟೋದಿಂದ ಇಳಿಸಿದ ಹಳೆಯ ಮಾನಿಟರು ಅವನ ಮೆಟ್ಟಿಲ ಮೇಲೆ ಕೂತಿತ್ತು. "ಸಾಹೇಬ್, ವಾಪಸ್ ಗೀಪಸ್ ಆಗಲ್ಲ. ನಾನೇನು ತಲೆಗೆ ಕಟ್ಟಿದೆನೇ? ನೀವೇ ಬಾಗಿಲಿಗೆ ತರಿಸಿ, ನೀವೇ ಬೆರಳಿಟ್ಟು ತೋರಿಸಿದ್ದು."

ಅದು ಸತ್ಯ. ಸತ್ಯವಾದ್ದರಿಂದಲೇ ರಾಯರ ಮೈ ಉರಿಯಿತು. ಬಾಯಿ ತೆರೆದರು, ಸೊಸೆಯ ಮುಖ ನೋಡಿ ಮುಚ್ಚಿದರು.

ಮೀರಾ ಗುಜರಾತಿಯಲ್ಲಿ ಶುರು ಮಾಡಿದಳು. ಆಕೆ ಬೆಳೆದದ್ದು ವಡೋದರಾದಲ್ಲಿ. ಆ ಭಾಷೆಯಲ್ಲಿ ಅವಳ ನಾಲಗೆ ಇಷ್ಟು ಹರಿತವಾಗಿದೆ ಎಂದು ರಾಯರಿಗೆ ಗೊತ್ತಿರಲಿಲ್ಲ. "ಕನುಭಾಯಿ, ಅವರು ದೊಡ್ಡವರು, ಅವರಿಗೆ ತಿಳಿಯಲಿಲ್ಲ. ನೀವು ಇದೇ ವ್ಯಾಪಾರದಲ್ಲಿ ಇದ್ದೀರಿ. ಮಾನಿಟರನ್ನ ಬಿಸಿಲಲ್ಲಿ ಇಟ್ಟು ನೋಡಬಾರದು ಅಂತ ನಿಮಗೆ ಗೊತ್ತಿತ್ತೋ ಇಲ್ಲವೋ? ಗೊತ್ತಿದ್ದೂ ನಕ್ಕಿದ್ದರೆ ಮೋಸ. ಗೊತ್ತಿಲ್ಲದಿದ್ದರೆ ಬೋರ್ಡು ಇಳಿಸಿ ಬಟಾಟೆ ಮಾರಿ. ಎರಡರಲ್ಲಿ ಯಾವುದು ಹೇಳಿ, ಈ ಗಲ್ಲಿಯವರೂ ಕೇಳಲಿ."

ಪಕ್ಕದ ಅಂಗಡಿಯವರು ಆಗಲೇ ಹೊರಗೆ ಬಂದು ನಿಂತಿದ್ದರು. ಕನುಭಾಯಿ ಅಡಿಕೆ ನುಂಗಿಕೊಂಡ. "ಅರೆ ಬೇನ್, ಕೂಗೋದು ಯಾಕೆ? ಬಾ, ಬೇರೆ ತೊಗೋ. ಬೆಲೆ ಹೆಚ್ಚಾದರೆ ಹೆಚ್ಚಾದಷ್ಟು ಕೊಡು."

"ಮೊದಲು ಎಲ್ಲವನ್ನೂ ಹಚ್ಚಿಡಿ. ಬಿಸಿಯಾದ ಮೇಲೇ ಬಣ್ಣ ನಿಲ್ಲೋದು. ಆಮೇಲೆ ಟ್ಯೂಬ್‌ಲೈಟು ಆರಿಸಿ, ಶಟರು ಇಳಿಸಿ."

"ಶಟರು ಇಳಿಸಿದರೆ ಗಿರಾಕಿಗಳು ನಾನು ಸತ್ತೆ ಅಂದುಕೊಳ್ತಾರೆ!"

ರಾಯರು ಮಾತಾಡಬಾರದೆಂದು ಒಪ್ಪಿದ್ದರು. ಕೈ ಆಡಿಸಬಾರದೆಂದು ಒಪ್ಪಿರಲಿಲ್ಲ. ಹೊರಗೆ ಬಂದು ಎಗರಿ ಶಟರಿನ ಹಿಡಿ ಹಿಡಿದು ಗಡಗಡ ಎಂದು ಮಂಡಿಯ ಮಟ್ಟಕ್ಕೆ ಎಳೆದರು. ಕೆಳಗಿನ ಸಂದಿಯಿಂದ ಬೆಳಕು ಒಳಗೆ ಹೋಗುತ್ತಿತ್ತು. ಹೆಗಲ ಮೇಲಿನ ಶಲ್ಯವನ್ನು ತೆಗೆದು ಆ ಸಂದಿಗೆ ಅಡ್ಡ ಹಿಡಿದು, ಮೆಟ್ಟಿಲ ಮೇಲೆ ಕೂತರು. ಕನುಭಾಯಿ ಒಳಗೆ ಗೊಣಗುತ್ತಿದ್ದ. ಗಲ್ಲಿಯಲ್ಲಿ ಹೋಗುವವರು ಈ ಮುದುಕನನ್ನು ನೋಡಿ ನಿಂತರು.

"ಅಂಗಡಿ ಮುಚ್ಚಿದೆಯಾ ಕಾಕಾ?"

"ಮುಚ್ಚಿದೆ. ಮುಂದೆ ಹೋಗಿ!"

ಸ್ವಲ್ಪ ಹೊತ್ತಿಗೆ ಗಿರಿಧರನ ಸ್ಕೂಟರು ಬಂತು. ಬೆಳಿಗ್ಗೆ ಫೋನಿನಲ್ಲಿ ಸುದ್ದಿ ತಿಳಿದು ಆಫೀಸಿನಿಂದ ಓಡಿ ಬಂದಿದ್ದ. "ಅಪ್ಪ, ರಸ್ತೇಲಿ ಕೂತಿದ್ದೀರಲ್ಲ! ಏನಿದು ಅವತಾರ?"

"ಒಳಗೆ ಮಾನಿಟರು ಆರಿಸ್ತಾ ಇದ್ದಾಳೆ."

"ಒಬ್ಬಳೇನಾ? ಸರಿಯಿರಿ, ನಾನು ಹೋಗಿ ಹೇಳ್ತೀನಿ. ನಿನ್ನೆ ಓದಿದೆ, ಇದರಲ್ಲಿ ಡಾಟ್ ಪಿಚ್ ಅಂತ ಒಂದು..."

"ಹೋದಸಲ ನೀನು ಹೇಳಿದೆ, ನಾನು ಹೇಳಿದೆ. ಏನಾಯಿತು ನೋಡಿದೆಯಲ್ಲ? ಕೂರು ಇಲ್ಲೇ. ಆ ಕಡೆ ತುದಿ ಹಿಡಿ, ಬೆಳಕು ಹೋಗ್ತಿದೆ."

ಕೇಂದ್ರ ಸರ್ಕಾರದ ವಿಜ್ಞಾನಿ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮೆಟ್ಟಿಲ ಮೇಲೆ ಕೂತು ಶಲ್ಯದ ತುದಿ ಹಿಡಿದ. ಒಳಗಿನಿಂದ ಮೀರಾಳ ದನಿ ಮಾತ್ರ ಕೇಳುತ್ತಿತ್ತು. ಇದು ಬೇಡ. ಇದೂ ಬೇಡ. ಮೂಲೆಯಲ್ಲಿ ಬಣ್ಣ ಒಡೀತಿದೆ ನೋಡಿ. ಬಿಳಿ ತೋರಿಸಬೇಡಿ, ಬೂದಿ ಬಣ್ಣ ಹಚ್ಚಿ. ಬೂದಿ ಬೂದಿಯಾಗೇ ಕಂಡರೆ ಮಿಕ್ಕದ್ದು ನಂಬಬಹುದು. ಹಿಂದೆ ಕಪಾಟಿನ ಮೇಲಿದೆಯಲ್ಲ, ಅದು ಯಾಕೆ ತೋರಿಸಲಿಲ್ಲ? "ಅದು ಯಾರಿಗೂ ಹಿಡಿಸಲ್ಲ ಬೇನ್, ಮಂಕು." "ಇಳಿಸಿ."

ಶಟರು ಎತ್ತಿದಾಗ ಅವಳು ಆರಿಸಿದ್ದನ್ನು ರಾಯರು ನೋಡಿದರು. ಅದರ ಬಿಳುಪು ಬಿಳುಪೇ ಅಲ್ಲ. ಅಂಗಡಿಯಿಂದ ತಂದು ಇನ್ನೂ ಒಗೆಯದ ಕೋರಾ ಬಟ್ಟೆಯ ಹಾಗೆ ಮಾಸಲು. ಪಕ್ಕದಲ್ಲಿ ಹಳೆಯದನ್ನು ಇಟ್ಟರೆ ಅದೇ ರಾಜ, ಇದು ಆಳು. ರಾಯರ ಕಣ್ಣು, ಬುದ್ಧಿ, ಶಕುಂತಲಮ್ಮನ ನೆನಪು ಎಲ್ಲವೂ ಬೇಡ ಬೇಡ ಎಂದವು.

"ಅಪ್ಪ, ಇದು ಮಂಕಾಗಿದೆಯಲ್ಲ..." ಎಂದ ಗಿರಿಧರ.

"ನಿನ್ನನ್ನ ಯಾರು ಕೇಳಿದರು?" ಎಂದು ರಾಯರು ಗುಡುಗಿದರು. ಗುಡುಗಿದ್ದು ಮಗನಿಗೋ ತಮಗೋ, ಅವರಿಗೇ ತಿಳಿಯಲಿಲ್ಲ.

ಆ ವಾರದಲ್ಲೇ ಹೊಸ ಡಿಸ್ಕು ಸಚಿನ್‌ಗೆ ಹೋಯಿತು. ಆಮೇಲೆ ಫೋನು ಬಂತು. ಮೀರಾ ಎತ್ತಿಕೊಂಡಳು. ಸೇಠರ ದನಿ ರಾಯರ ಕುರ್ಚಿಯ ತನಕ ಕೇಳುವಷ್ಟು ದೊಡ್ಡದಾಗಿತ್ತು. "ವಾಹ್ ಬೇನ್! ಇದು ಕೆಂಪು! ಸೀಸನ್ನು ನಿನ್ನದೇ. ನಾಳೆಯೇ ಮುಂದಿನ ಡಿಸೈನು ಶುರು ಮಾಡು."

ರಾಯರ ಎದೆಯ ಮೇಲಿನ ಕಲ್ಲು ಸರಿಯಿತು. ಕೆಲಸ ಉಳಿಯಿತು, ಸೊಸೆ ಉಳಿದಳು. ದೇವರ ಮನೆಯ ಕಡೆ ಕೈ ಎತ್ತಬೇಕೆನ್ನುವಷ್ಟರಲ್ಲಿ ಮೀರಾಳ ಮಾತು ಕಿವಿಗೆ ಬಿತ್ತು.

"ಸೇಠ್‌ಜೀ, ನಿಮ್ಮ ಮುನೀಮರಿಗೆ ಫೋನು ಕೊಡಿ."

"ಅವನು ಯಾಕೆ?"

"ಅವತ್ತು ಒಂದು ಮಾತು ಅಂದರು. ಅದನ್ನ ಅವರ ಬಾಯಿಂದಲೇ ವಾಪಸ್ ತೊಗೋಬೇಕು. ನೀವು ಅದನ್ನ ಸುಮ್ಮನೆ ಕೇಳಿಕೊಂಡು ಕೂತಿದ್ದಿರಿ, ನೀವೂ ತಪ್ಪಾಯ್ತು ಅನ್ನಬೇಕು. ಆಮೇಲೆ ಮುಂದಿನ ಡಿಸೈನು."

ರಾಯರು ಗಾಬರಿಯಿಂದ ಎದ್ದು, ಬೇಡ ಬೇಡ ಎಂದು ಕೈ ಆಡಿಸಿದರು. ಅವಳು ನೋಡಲಿಲ್ಲ. ಆ ಕಡೆ ಸೇಠರು ನಕ್ಕರು, ಅದು ಮಾತಿಗೆ ಆಡಿದ ಮಾತು ಎಂದರು, ಆಮೇಲೆ ದನಿ ಏರಿಸಿದರು: ಸೂರತ್ತಿನ ಮಿಲ್ಲುಗಳಿಗೆ ಡಿಸೈನು ಮಾಡುವವಳು ನೀನೊಬ್ಬಳೇನಾ?

"ಮಿಲ್ಲೂ ನಿಮ್ಮದೊಂದೇ ಅಲ್ಲ," ಎಂದು ಮೀರಾ ಫೋನು ಇಟ್ಟಳು.

ರಾಯರು ಫೋನಿನ ಹತ್ತಿರ ಬಂದರು. "ಏನಮ್ಮಾ ಮಾಡಿದೆ? ಇಷ್ಟೆಲ್ಲ ಕಷ್ಟಪಟ್ಟು..."

"ಬಣ್ಣ ತಪ್ಪಿದಾಗ ತಪ್ಪಾಯ್ತು ಅಂದೆ ಮಾವ, ಅಂದೆನಲ್ಲ? ಅವರೂ ಅನ್ನಲಿ."

ಅವಳು ಹಿಂದಿನ ಕೋಣೆಗೆ ಹೋಗಲಿಲ್ಲ. ಅಲ್ಲೇ ನಡುಮನೆಯಲ್ಲಿ, ರಾಯರ ಎದುರಿನ ಕುರ್ಚಿಯಲ್ಲಿ ಕೂತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ರಾಯರೂ ಕೂತರು. ಫೋನು ಮತ್ತೆ ಬಡಿದುಕೊಂಡಿತು. ರಾಯರು ತಟ್ಟನೆ ಎದ್ದು ಕೈ ಚಾಚಿದರು.

"ಬಿಡಿ ಮಾವ," ಎಂದಳು ಮೀರಾ. "ಇನ್ನೂ ಸ್ವಲ್ಪ ಹೊತ್ತು ಬಡೀಲಿ."

ರಾಯರು ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಫೋನು ಬಡಿದುಕೊಳ್ಳುತ್ತಲೇ ಇತ್ತು.